ಹೊಕ್ಕಿಲ್ಲದ ಐದು ಇಂಚು

“ಎರಡು ತೊಲಿ ನೂಲು ಕಡಿಮಿ ಬಿತ್ತಂತ ನನ್ನ ಎರಡು ಬಟ್ಟು ಮುರದರು. ಇಲ್ಲಿ ನೋಡಿದರ ಐದು ಇಂಚು ಹೊಕ್ಕಽ ಇಲ್ಲ. ಈಗ ಯಾರ ಬಟ್ಟು ಮುರಿಯೂನು? ನೀನಽ ಹೇಳಲೇ ನಬೀ!”

ಫಕ್ಕೀರಪ್ಪ ಬಲಗೈ ಮೇಲೆತ್ತಿ ಹಿಡಿದಿದ್ದ. ಆ ಕೈಯ ನಡುವಿನ ಎರಡು ಬೆರಳು ಒಣ ಹುಣಸೆಕಾಯಿಯ ಹಾಗೆ ಅಂಗೈಯ ಕಡೆಗೆ ಮುರುಟಿಕೊಂಡಿದ್ದವು.

“ಬಟ್ಟು ಮುರಿಯಾಕ ಡಿಲ್ಲಿಗೆ ಹೋಗಬೇಕಾಕ್ಕೈತಿ,” ಎಂದು ಹಿಂದಿನಿಂದ ನೇಕಾರ ದಾದಾಪೀರ ಕೂಗಿದ. “ರೈಲಿನ ಖರ್ಚು ಯಾರ ಕೊಡ್ತಾರೋ ಮಾವಾ?”

ಜನ ನಕ್ಕರು. ನಬಿಸಾಬನೂ ನಕ್ಕ. ಆ ಹೊತ್ತಿನಲ್ಲಿ ಅವನು ಫಕ್ಕೀರಪ್ಪನ ಮುಖ ನೋಡಬೇಕಿತ್ತು. ನೋಡಿದ್ದು ತಾನು ನೇಯ್ದ ಬಟ್ಟೆಯನ್ನು.

ಬಟ್ಟೆಯೂ ನೋಡುವ ಹಾಗೆಯೇ ಇತ್ತೆನ್ನಿ. ಬೆಟಗೇರಿಯ ಆ ನೇಕಾರರ ಓಣಿಯಲ್ಲಿ ಬೇವಿನ ಗಿಡದಿಂದ ಲೈಟಿನ ಕಂಬದವರೆಗೆ ಹಗ್ಗ ಕಟ್ಟಿ, ಎರಡು ಉದ್ದನೆಯ ಪಟ್ಟಿ ಇಳಿಬಿಟ್ಟಿದ್ದರು. ಒಂದೊಂದೂ ನೂರು ಇಂಚು. ಒಂದು ಇಂಚಿಗೆ ಒಂದು ಪೈಸೆ, ನೂರು ಇಂಚಿಗೆ ಒಂದು ರೂಪಾಯಿ. ಎಡಗಡೆಯದು ಸರಕಾರಕ್ಕೆ ಬರುವ ರೂಪಾಯಿ, ಬಲಗಡೆಯದು ಸರಕಾರದಿಂದ ಹೋಗುವ ರೂಪಾಯಿ. ಬೆಂಕಿಪೆಟ್ಟಿಗೆ, ಸಾಬಾಣ, ಸಕ್ಕರೆ, ಚಿಮಣಿ ಎಣ್ಣೆಯ ಮೇಲಿನ ಕರ ಕೆಂಪು ಪಟ್ಟೆ. ಹಡಗಿನಲ್ಲಿ ಬರುವ ಮಾಲಿನ ಸುಂಕ ನೀಲಿ. ಸಾಹುಕಾರರೂ ಕಂಪನಿಗಳೂ ಕೊಡುವ ತೆರಿಗೆ ಹಳದಿ. ಅದು ಕಿರಿದಾಗಿತ್ತು, ಅದನ್ನು ಕಂಡು ಹೆಂಗಸರು ಬಾಯಿಗೆ ಸೆರಗು ಹಚ್ಚಿಕೊಂಡು ನಕ್ಕಿದ್ದರು. ಹಸಿರು ಅಂದರೆ ಸಾಲ. ಹಸಿರು ಪಟ್ಟೆ ಮುಗಿದಲ್ಲಿ ಐದು ಇಂಚು ಬರೀ ಹಾಸು, ಹೊಕ್ಕೆಂಬ ಅಡ್ಡ ನೂಲಿಲ್ಲದ ಉದ್ದೆಳೆಗಳು. ಅದರ ಕೆಳಗೆ ಮತ್ತೆ ಕೆಂಪು.

ಬೇವಿನ ಗಿಡದ ಕಟ್ಟೆಯ ಮೇಲೆ ಕೋಲು ಹಿಡಿದು ನಿಂತು ಬಟ್ಟೆ ತೋರಿಸುತ್ತಿದ್ದವರು ಯಮುನಾಬಾಯಿ. ಆ ಓಣಿಯಲ್ಲಿ ಅವರನ್ನು ಅರಿಯದವರಿಲ್ಲ. ಲಕ್ಷ್ಮೇಶ್ವರದ ಕಡೆಯವರು, ಅಪ್ಪ ಗುಡಿಯ ಪೂಜೆಯವರು. ಕಚೇರಿಯ ಕಾರಕೂನನಾಗಿದ್ದ ಗಂಡ ತೀರಿಕೊಂಡ ಮೇಲೆ ಪೋಸ್ಟಿನ ಸಣ್ಣ ಉಳಿತಾಯದ ಏಜಂಟರಾಗಿದ್ದರು. ತಿಂಗಳ ಮೊದಲ ವಾರ ಬಂತೆಂದರೆ ಹೆಗಲಿಗೆ ಚೀಲ, ಕೈಯಲ್ಲಿ ಛತ್ರಿ. ಮನೆಮನೆಯ ಹೆಂಗಸರು ಐದೋ ಹತ್ತೋ ಕೊಡುವರು, ಬಾಯಿಯವರು ಕಾರ್ಡಿನಲ್ಲಿ ಬರೆದು ಸಹಿ ಹಾಕುವರು. ಮೂರು ವರ್ಷದಲ್ಲಿ ಎಂಬತ್ತು ಮನೆ ಹಿಡಿದಿದ್ದರು. ಒಂದು ಮನೆಯ ಚಹಾ ಬಿಟ್ಟರೆ ಇನ್ನೊಂದು ಮನೆಯವರು ಮುನಿಯುತ್ತಿದ್ದರು. ಅಂಥ ಹೆಂಗಸು.

ಈ ಬಟ್ಟೆಯ ಉಸಾಬರಿ ಶುರುವಾದದ್ದು ನಬಿಸಾಬನ ಮನೆಯ ಕಟ್ಟೆಯ ಮೇಲೆಯೇ. ಎಂಬತ್ತಮೂರನೆಯ ಇಸವಿಯ ಮಾರ್ಚ್ ತಿಂಗಳು. ಡಿಲ್ಲಿಯ ಬಜೆಟ್ಟು ಓದಿ ನಾಲ್ಕು ದಿನವಾಗಿತ್ತು. ನಬಿಸಾಬನ ಹೆಂಡತಿ ಜೈಬುನ್ನೀಸಾ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತ ಕೂತಿದ್ದಳು, ಬಾಯಿಯವರು ಪೇಪರು ಓದಿ ಹೇಳುತ್ತಿದ್ದರು.

“ಸರಕಾರದ ಖರ್ಚು ಕಟಗೊಂಡು ನಮಗೇನರಿ ಬಾಯಾರ? ನಾವೇನ ಸರಕಾರಕ್ಕ ರೊಕ್ಕಾ ಕೊಟ್ಟೀವಿ?” ಎಂದು ಜೈಬುನ್ನೀಸಾ ಕೇಳಿದಳು.

ಬಾಯಿಯವರು ಒಲೆಯ ಪಕ್ಕದ ಬೆಂಕಿಪೆಟ್ಟಿಗೆ ತರಿಸಿದರು. “ಇದನ್ನ ಈಗ ಕೊರದಿ ಇಲ್ಲೋ? ಕೊಟ್ಟಿ. ಮುಂಜಾನೆ ಸಾಬಾಣ ಹಚ್ಚಿದಿ? ಕೊಟ್ಟಿ. ನಿನ್ನ ಕೈಯಾಗಿನ ಚಾದಾಗ ಸಕ್ಕರಿ ಅದ ಇಲ್ಲೋ? ಅಲ್ಲೂ ಕೊಟ್ಟಿ. ಕೊಟ್ಟಾಕಿ ಏನಾತು ಅಂತ ಕೇಳಬಾರದೇನು?”

ಒಳಗೆ ಕುಣಿಮಗ್ಗದಲ್ಲಿ ನಬಿಸಾಬನ ಕಾಲು ನಿಂತಿತು. ನಲವತ್ತು ದಾಟಿದ ನಬಿಸಾಬ ಶಾಲೆಯ ಮುಖ ಕಂಡವನಲ್ಲ. ಆದರೆ ಒಂದು ಸೀರೆ ಮುಟ್ಟಿದರೆ ಎಳೆಯೆಷ್ಟು, ಯಾವ ಕೈ ನೇಯ್ದದ್ದು, ನೇಯುವಾಗ ಅವನಿಗೆ ಹಸಿವಿತ್ತೋ ಇಲ್ಲವೋ ಅನ್ನುವುದನ್ನೂ ಹೇಳಬಲ್ಲವನು. ಅವನು ಹೊರಗೆ ಬಂದು ಹೇಳಿದ, “ಬಾಯಾರ, ನಮ್ಮ ಓಣ್ಯಾಗ ಪೇಪರ ಓದಾಕ ಬರೂದಿಲ್ಲ. ಅರಿವಿ ಓದಾಕ ಎಲ್ಲಾರಿಗೂ ಬರತೈತಿ. ನೀವು ಅಳತಿ ಹೇಳ್ರಿ, ನಾ ನೇಯ್ತೇನಿ.”

ಬಾಯಿಯವರು ಹತ್ತಿರ ಹತ್ತಿರದ ಲೆಕ್ಕ ಹಿಡಿದು ಹೇಳಿದರು. ಅವನು ಉಳಿದ ನೂಲಿನಲ್ಲಿ ಎಂಟು ದಿನ ನೇಯ್ದ. ಕೊನೆಯ ಐದು ಇಂಚಿಗೆ ಬಂದಾಗ ಕೇಳಿದ, “ಇದಕ್ಕ ಯಾವ ಬಣ್ಣರಿ?”

“ಯಾವುದೂ ಇಲ್ಲ. ಖರ್ಚು ಅದ, ಉತ್ಪನ್ನ ಇಲ್ಲ. ಕೊರತೆ ಅಂತಾರ ಅದಕ್ಕ. ನೋಟು ಅಚ್ಚು ಹಾಕಿ ತುಂಬತಾರ.”

ಹಾಗಾದರೆ ಖಾಲಿ. ಆದರೆ ತುದಿಯಲ್ಲಿ ಖಾಲಿ ಬಿಟ್ಟರೆ ಯಾರು ನೋಡುತ್ತಾರೆ? ಎಲ್ಲ ಸೀರೆಯ ತುದಿಗೂ ನೇಯದೆ ಬಿಟ್ಟ ಎಳೆಗಳ ದಶಿ ಇರುತ್ತದೆ, ಹಾಗೆಂದುಕೊಂಡು ಸುಮ್ಮನಾಗುತ್ತಾರೆ. ಜನ ಕೇಳಬೇಕೆಂದು ನಬಿಸಾಬ ಮುಂಚೆ ನೇಯ್ದ ಕೆಂಪಿನಲ್ಲಿ ಒಂದಿಷ್ಟು ಬಿಚ್ಚಿ, ಅಷ್ಟನ್ನು ಖಾಲಿಯ ಆಚೆ ನೇಯ್ದು, ಖಾಲಿಯನ್ನು ನಡುವೆ ತಂದ. ಹಸಿರಿಗೆ ಹಚ್ಚಿ ತಂದ. ಅದಷ್ಟೇ ಅವನು ಮಾಡಿದ ತಪ್ಪು. ಆ ತಪ್ಪನ್ನು ನೇಕಾರನಲ್ಲದವನು ಮಾಡಲಾರ, ನೇಕಾರರಲ್ಲದವರ ಮುಂದೆ ಅದು ತಪ್ಪೂ ಅಲ್ಲ.

ಈಗ ಆ ಖಾಲಿಯನ್ನೇ ಫಕ್ಕೀರಪ್ಪನ ಹೆಂಡತಿ ಶಂಕ್ರೆವ್ವ ಬೆರಳಿನಿಂದ ಮುಟ್ಟಿ ನೋಡುತ್ತಿದ್ದಳು.

“ಬಾಯಾರ, ಹಸರ ಪಟ್ಟಿ ಅಂದ್ರ ನಾವು ಪೋಸ್ಟಿಗೆ ಕೊಟ್ಟ ರೊಕ್ಕ ಅಂದ್ರೆಲ್ಲ?”

“ಹೌದವಾ. ನೀವು ಇಟ್ಟದ್ದೂ ಅದರಾಗ ಅದ. ಸರಕಾರ ನಿಮ್ಮ ಕಡೆಯಿಂದ ಸಾಲ ತಗೊಂಡಂಗ ಅದು.”

“ಹಸರು ಮುಗದಲ್ಲೇ ಖಾಲಿ ಐತಿ.”

ಬಟ್ಟೆ ಓದಲು ಬರುವ ಅರವತ್ತು ಜನ ಅದನ್ನು ಒಟ್ಟಿಗೇ ಓದಿದರು. ಸಾವಕಾರನ ಅಂಗಡಿಯಿಂದ ನೂಲನ್ನು ತೂಗಿ ತಂದು, ಸೀರೆಯನ್ನು ತೂಗಿ ಕೊಡುವ ಜನ ಅವರು. ಯಾವ ಬಣ್ಣದ ಪಕ್ಕದಲ್ಲಿ ಹೊಕ್ಕು ಕಾಣೆಯಾಗಿದೆಯೋ ಆ ಬಣ್ಣದ ನೂಲಿನ ಲಡಿ ಮಾರಿಹೋಗಿದೆ ಎಂದರ್ಥ. ಮಾರಿದವರು ಯಾರು? ಆ ಲಡಿ ಯಾರ ಕೈಯಲ್ಲಿತ್ತೋ ಅವರು.

“ಹಸರನ್ನ ಒಯ್ದಾವರು ಯಾರು?” ಫಕ್ಕೀರಪ್ಪ ಮೆಲ್ಲಗೆ ಕೇಳಿದ. ಆಮೇಲೆ ಚೀರಿದ. “ತಿಂಗಳಾ ತಿಂಗಳಾ ಚೀಲದಾಗ ಹಾಕ್ಕೊಂಡು ಒಯ್ದಾವರು ಯಾರು?”

“ಅಯ್ಯೋ, ಹಂಗಲ್ಲೋ ತಮ್ಮಾ! ನಿಮ್ಮ ರೊಕ್ಕ ಪೋಸ್ಟಿನಾಗ ಸುರಕ್ಷಿತ ಅದ. ಇದು ಬ್ಯಾರೆ ಕೊರತೆ, ಇಡೀ ದೇಶದ್ದು...”

ಇಡೀ ದೇಶವನ್ನು ಕಂಡವರು ಅಲ್ಲಿ ಯಾರಿದ್ದರು? ಕಂಡದ್ದು ಚೀಲ. ಶಂಕ್ರೆವ್ವ ಚೀಲಕ್ಕೆ ಕೈ ಹಾಕಿದಳು, ಬಾಯಿಯವರು ಎದೆಗವಚಿಕೊಂಡರು. ಎದೆಗವಚಿಕೊಂಡದ್ದೇ ಸಾಕ್ಷಿಯಾಯಿತು. ಇನ್ನಿಬ್ಬರು ಎಳೆದರು, ಪಟ್ಟಿ ಹರಿಯಿತು, ಕಾರ್ಡುಗಳು ಓಣಿಯ ಧೂಳಿನಲ್ಲಿ ಚೆಲ್ಲಿದವು. ಯಾರೋ ಬಾಯಿಯವರ ಕೂದಲು ಹಿಡಿದು ಕಟ್ಟೆಯಿಂದ ಎಳೆದರು. ಅವರು ಮೊಣಕಾಲೂರಿ ಬಿದ್ದರು. ಕನ್ನಡಕ ಹಾರಿ ಒಂದು ಕಾಲಿನಡಿ ಚರಕ್ಕೆಂದಿತು.

“ಬಿಡ್ರಿ! ಹುಚ್ಚರಾ, ಬಿಡ್ರಿ!” ನಬಿಸಾಬ ನುಗ್ಗಿದ. ದಾದಾಪೀರನ ಮೊಣಕೈ ಅವನ ಬಾಯಿಗೆ ಬಡಿಯಿತು. ಬೇಕೆಂದು ಹೊಡೆದನೋ ಗದ್ದಲದಲ್ಲಿ ಬಿತ್ತೋ, ತುಟಿ ಹಲ್ಲಿಗೆ ಸಿಕ್ಕು ಹರಿಯಿತು. ನಬಿಸಾಬ ಅವನ ಅಂಗಿ ಹಿಡಿದು ಗೋಡೆಗೆ ಅಪ್ಪಳಿಸಿದ. ಹತ್ತು ನಿಮಿಷದ ಹಿಂದೆ ಜೋಕು ಹೇಳಿದ್ದ ಮನುಷ್ಯ ನಾಯಿಯಂತೆ ಹಲ್ಲು ಕಿರಿದು ನಬಿಸಾಬನ ಹೆಗಲು ಕಚ್ಚಿದ. ಅಷ್ಟರಲ್ಲಿ ಹಿಂದಿನಿಂದ ಒಂದು ಲಾಳಿ ಗಾಳಿಯಲ್ಲಿ ತೂರಿ ಬಂತು. ಲಾಳಿ ಅಂದರೆ ಮಗ್ಗದಲ್ಲಿ ಎಳೆ ಒಯ್ಯುವ ಮೀನಿನಾಕಾರದ ಕಟ್ಟಿಗೆ; ಅದರ ಎರಡೂ ಮೂತಿಗೆ ಕಬ್ಬಿಣ. ಅದು ಏಳುತ್ತಿದ್ದ ಬಾಯಿಯವರ ಹಣೆಗೆ ಬಡಿಯಿತು. ಹಸಿ ಕುಂಬಳಕಾಯಿಗೆ ಮಚ್ಚು ತಾಗಿದ ಸದ್ದು. ರಕ್ತ ಹುಬ್ಬಿನ ಮೇಲಿಂದ ಇಳಿದು ಬಾಯಿಗೆ ಬಂತು, ಅವರು ಅದನ್ನು ಉಗುಳಿ, “ಕಾರ್ಡು ತುಳೀಬ್ಯಾಡ್ರೋ. ಅವು ನಿಮ್ಮವಽ ಕಾರ್ಡು,” ಅಂದರು.

ಯಾರು ಕೇಳುತ್ತಾರೆ?

“ಕೈ ಹಿಡೀರಿ,” ಎಂದ ಫಕ್ಕೀರಪ್ಪ. “ನನಗ ಮಾಡಿದ ನ್ಯಾಯಽ ಆಗಲಿ. ಕಟ್ಟಿ ಮ್ಯಾಲೆ ಇಡ್ರಿ ಕೈ. ಕಲ್ಲು ತರ್ರಿ.”

ನಾಲ್ಕು ವರ್ಷದ ಹಿಂದೆ ಇದೇ ಕಟ್ಟೆಯ ಮೇಲೆ ಫಕ್ಕೀರಪ್ಪನ ಕೈ ಇಟ್ಟಿದ್ದರು. ಸಾವಕಾರನ ಅಂಗಡಿಯ ತಕ್ಕಡಿಯಲ್ಲಿ ಅವನ ಸೀರೆ ಎರಡು ತೊಲೆ ಕಡಿಮೆ ತೂಗಿತ್ತು. ನೂಲು ಕದ್ದನೆಂದು ಇಬ್ಬರು ಹಮಾಲರು ಹಿಡಿದುಕೊಂಡರು, ಒಬ್ಬ ಐದು ಕಿಲೋದ ಕಬ್ಬಿಣದ ಕಲ್ಲನ್ನು ಎದೆಯೆತ್ತರದಿಂದ ಬಿಟ್ಟ. ಒಮ್ಮೆಗೆ ಆಗಲಿಲ್ಲ, ಎರಡು ಸಲ ಬಿಟ್ಟ. ಓಣಿಯವರೆಲ್ಲ ನಿಂತು ನೋಡಿದ್ದರು. ನಬಿಸಾಬನೂ ನಿಂತಿದ್ದ. ಎರಡನೆಯ ಸಲ ಕಲ್ಲು ಬಿದ್ದಾಗ ಫಕ್ಕೀರಪ್ಪ ಚೀರಲಿಲ್ಲ, “ಇಲ್ಲ, ಇಲ್ಲ” ಎಂದಷ್ಟೇ ಅಂದ. ಅದನ್ನೂ ನಬಿಸಾಬ ಕೇಳಿದ್ದ.

ಈಗ ಕಲ್ಲು ತರಲು ದೂರ ಹೋಗಬೇಕಿರಲಿಲ್ಲ. ಶನಿವಾರ, ಮಾಲು ಒಪ್ಪಿಸುವ ದಿನ. ಎದುರಿಗೇ ಅಂಗಡಿ ತೆರೆದಿತ್ತು, ಪಡಸಾಲೆಯಲ್ಲಿ ತಕ್ಕಡಿ ತೂಗುತ್ತಿತ್ತು. ಅಂಗಡಿಯ ಗುಮಾಸ್ತ ಪ್ರಹ್ಲಾದರಾಯರು ಎಲೆ ಅಡಿಕೆ ಅಗಿಯುತ್ತ ಮೊದಲಿನಿಂದಲೂ ಎಲ್ಲ ನೋಡುತ್ತಿದ್ದರು. ಓಣಿಯ ಹೆಂಗಸರು ಪೋಸ್ಟಿನ ಕಾರ್ಡು ಹಿಡಿದಂದಿನಿಂದ ಹಬ್ಬಕ್ಕೆ ಅಂಗಡಿಯ ಕೈಗಡ ಕೇಳುವವರು ಕಡಿಮೆಯಾಗಿದ್ದರು. ಅದು ರಾಯರಿಗೆ ಸರಿಬಂದಿರಲಿಲ್ಲ. ಅವರು ತಾವಾಗಿ ಐದು ಕಿಲೋದ ಕಲ್ಲೆತ್ತಿ ಮೆಟ್ಟಿಲಿನ ಮೇಲಿಟ್ಟರು.

“ಒಯ್ಯೋ ಫಕ್ಕೀರಪ್ಪ. ಆಮ್ಯಾಲೆ ತೊಳದು ತಂದುಕೊಡು.”

ಫಕ್ಕೀರಪ್ಪ ಓಡಿಹೋಗಿ ತಂದ. ಇಬ್ಬರು ಬಾಯಿಯವರ ಬಲಗೈಯನ್ನು ಕಟ್ಟೆಗೆ ಅದುಮಿ ಹಿಡಿದರು. ಶಾಯಿಯ ಕಲೆಯಿದ್ದ ಸಣ್ಣ ಕೈ. ಒಡೆದ ಕನ್ನಡಕದ ಚೂರು ಮಣಿಕಟ್ಟಿಗೆ ಚುಚ್ಚಿಕೊಂಡಿತ್ತು.

ನಬಿಸಾಬ ಜನರನ್ನು ಗುದ್ದಿ, ತಳ್ಳಿ, ಒಬ್ಬನ ಹೊಟ್ಟೆಗೆ ಒದ್ದು, ಕಟ್ಟೆ ಮುಟ್ಟಿದ. ಬಾಯಿಯವರ ಕೈಯ ಮೇಲೆ ತನ್ನ ಎದೆ ಚಾಚಿ ಬಿದ್ದ. ಬೆನ್ನ ಮೇಲೆ ಒದೆತ ಬೀಳತೊಡಗಿದವು. ಪಕ್ಕೆಲುಬಿಗೆ ಒಂದು, ಸೊಂಟಕ್ಕೊಂದು. ಉಸಿರು ಸಿಕ್ಕಲಿಲ್ಲ. ಹೀಗೆ ಬಿದ್ದುಕೊಂಡರೆ ಎಷ್ಟು ಹೊತ್ತು? ಒದ್ದು ಸರಿಸುತ್ತಾರೆ, ಕಲ್ಲು ಬಿಡುತ್ತಾರೆ. ಕೈಯಷ್ಟಕ್ಕೇ ನಿಲ್ಲುವ ಹಾಗೂ ಕಾಣಲಿಲ್ಲ. ಜನರಿಗೆ ತಿಳಿಯಬೇಕು. ಈಗಿಂದೀಗ ತಿಳಿಯಬೇಕು.

ತಿಳಿಸುವ ಮಾತು ಅವನಿಗೆ ಗೊತ್ತಿತ್ತು. ಓಣಿಯ ಎಲ್ಲರಿಗೂ ಗೊತ್ತಿದ್ದ, ಯಾರೂ ಬಾಯಿ ಬಿಡದ ಮಾತು. ಪಡಸಾಲೆಯಲ್ಲಿ ಗುಮಾಸ್ತ ಕೂತಿರುವಾಗ ಅದನ್ನು ಆಡುವುದೆಂದರೆ ಕೊರಳಿಗೆ ತಾನೇ ಹಗ್ಗ ಹಾಕಿಕೊಂಡಂತೆ. ಮನೆಯ ಬಾಗಿಲಲ್ಲಿ ನಿಂತಿದ್ದ ಜೈಬುನ್ನೀಸಾ ಗಂಡನ ಮುಖ ನೋಡಿಯೇ ತಿಳಿದುಕೊಂಡಳು. ಬೇಡವೆಂದು ತಲೆಯಾಡಿಸಿದಳು. ಎರಡೂ ಕೈ ಬಾಯಿಗೆ ಒತ್ತಿಕೊಂಡಳು.

“ಫಕ್ಕೀರಣ್ಣ!” ಎಂದು ನಬಿಸಾಬ ಅರಚಿದ. “ಆ ವಾರ ನಿನ್ನ ಸೀರಿ ಯಾಕ ತೂಕ ಬರಲಿಲ್ಲ? ನೂಲು ಮಾರಿದ್ದೇನು?”

ಫಕ್ಕೀರಪ್ಪನ ಕೈಯ ಕಲ್ಲು ಗಾಳಿಯಲ್ಲೇ ನಿಂತಿತು. “ನಾ ಕದ್ದಿಲ್ಲಲೇ! ನಿನಗೂ ಗೊತ್ತೈತಿ ನಾ ಕದ್ದಿಲ್ಲ!”

“ಮತ್ತ ಯಾಕ ಬರಲಿಲ್ಲ? ಎಲ್ಲಾರ ಮುಂದ ಹೇಳು!”

“ಗಂಜಿ ಇರಲಿಲ್ಲೋ! ಮನ್ಯಾಗ ಹಿಟ್ಟಽ ಇರಲಿಲ್ಲ. ಹಾಸಿನ ನೂಲಿಗೆ ಕುಡಿಸೂ ಗಂಜೀನ ಕೂಸು ಕುಡೀತು!” ಫಕ್ಕೀರಪ್ಪ ಅಳುತ್ತಿದ್ದ. “ಕೂಸಿಗೆ ಕುಡಿಸಿದೆ. ನೂಲಿಗೆ ಏನ ಕುಡಿಸಲಿ?”

“ಕೇಳಿದಿರಿಲ್ಲೋ?” ನಬಿಸಾಬ ಬಾಯಿಯ ರಕ್ತ ಒರೆಸಿಕೊಂಡು ಎದ್ದು ಕೂತ. “ಸಾವಕಾರ ನಮಗ ಹಸಿ ನೂಲು ತೂಗಿ ಕೊಡ್ತಾನ, ಒಣ ಸೀರಿ ತೂಗಿ ತಗೋತಾನ. ನಡುವ ಕಡಿಮಿ ಬೀಳ್ತೈತಿ. ಯಾರೂ ಕದ್ದಿರೂದಿಲ್ಲ, ಆದ್ರೂ ಕಡಿಮಿ. ಆವಾಗ ನಾವೇನ ಮಾಡ್ತೀವಿ? ಗಂಜಿ ಜಾಸ್ತಿ ಕುಡಸ್ತೀವಿ. ತಕ್ಕಡಿ ಸರಿ ಬರತೈತಿ, ಸೀರಿ ಖಡಕ್ ನಿಲ್ಲತೈತಿ. ಮುಂದ?”

ಕೆಲವರು ಪಡಸಾಲೆಯ ಕಡೆ ಕಳ್ಳಗಣ್ಣಿನಿಂದ ನೋಡಿದರು.

“ಮುಂದ ಒಂದು ಸಲ ತೊಳದ್ರ ಜಾಳ ಆಗತೈತಿ,” ಎಂದು ಒಂದು ನಡುಗುವ ದನಿ ಹೇಳಿತು. ಓಣಿಗೆಲ್ಲ ಹಿರಿಯಳಾದ ಹನಮಂತವ್ವ, ಎಪ್ಪತ್ತು ವರ್ಷ ಕಂಡಿಕೆ ಸುತ್ತಿದಾಕೆ.

“ಹಾಂ, ಆಯೀ! ಸರಕಾರಾನೂ ಅದನ್ನಽ ಮಾಡ್ತೈತಿ. ಖರ್ಚಿಗೆ ಐದು ಪೈಸಾ ಕಡಿಮಿ ಬಿತ್ತು. ನೋಟು ಅಚ್ಚು ಹಾಕಿ ತುಂಬತೈತಿ. ಅದಽ ಗಂಜಿ. ರೂಪಾಯಿ ಖಡಕ್ ಕಾಣತೈತಿ. ಪ್ಯಾಟಿಗೆ ಒಯ್ರಿ, ಜಾಳ ಆಗಿರತೈತಿ. ಹ್ವಾದ ವರ್ಷ ರೂಪಾಯಿಗೆ ಬಂದಷ್ಟು ಬೆಲ್ಲ ಈ ವರ್ಷ ಯಾಕ ಬರೂದಿಲ್ಲ? ಬಾಯಾರು ಕದ್ದರೇನು? ಅವರ ರೂಪಾಯಿನೂ ಜಾಳ ಆಗಿರತೈತಿ, ನಿಮ್ಮದೂ ಆಗಿರತೈತಿ.”

ಬಾಯಿಯವರ ಕೈ ಹಿಡಿದಿದ್ದವರು ಬಿಟ್ಟರು. ಯಾರು ಮೊದಲು ಬಿಟ್ಟರೆಂದು ಹೇಳಲಾಗದು. ಹನಮಂತವ್ವ ಕೋಲೂರಿಕೊಂಡು ಬಟ್ಟೆಯ ಹತ್ತಿರ ಬಂದು ಖಾಲಿ ಹಾಸನ್ನು ಸವರಿದಳು.

“ಎಲ್ಲಾರ ಸೀರ್ಯಾಗಿಂದ ಒಂದೊಂದು ಎಳಿ ಜಗ್ಗಿ ಇದನ್ನ ತುಂಬತಾರ ಅನ್ನು.”

“ಖರೆ, ಆಯೀ. ಖರೆ.”

“ಇದನ್ನ ಮೊದಲಽ ಹೇಳೂದಲ್ಲೇನೋ ಮುಲ್ಲಾನ ಮಗನ! ನಾವೂ ಗಂಜಿ ಕುಡಿಸಿದಾವರಽ. ಆಗಿಂದಾಗ ತಿಳೀತಿತ್ತು.”

ಒಬ್ಬರಿಬ್ಬರು ನಕ್ಕೂಬಿಟ್ಟರು. ಹೆದರಿದ ಮೇಲೆ ಬರುವ ನಗು. ಶಂಕ್ರೆವ್ವ ನೆಲದಲ್ಲಿ ಕೂತು ಕಾರ್ಡು ಆಯತೊಡಗಿದಳು.

ಪಡಸಾಲೆಯಲ್ಲಿ ಪ್ರಹ್ಲಾದರಾಯರು ಪಿಚಕ್ಕೆಂದು ಉಗುಳಿದ ಸದ್ದು ಕೇಳಿಸಿತು.

“ನಬಿಸಾಬ, ಭಾಳ ಚಂದ ತಿಳಿಸಿದಿ. ನಂಗೂ ತಿಳೀತು ನೋಡು.” ಅವರು ಮೆಟ್ಟಿಲಿಳಿದು ಬಂದರು. ಹಿಂದೆ ಇಬ್ಬರು ಹಮಾಲರು. “ಹಂಗಾರ ಇಡೀ ಓಣೀನಽ ಸಾವಕಾರರಿಗೆ ಗಂಜಿ ತೂಗಿ ಕೊಡ್ತದ. ನಾಳಿಂದ ಒಂದೊಂದು ಸೀರಿನೂ ತೊಳದು ತೂಗೋಣು. ಕಡಿಮಿ ಬಿದ್ದಾವರ ಮಗ್ಗ ಎತ್ತಿಸೋಣು. ಯಾರ್ಯಾರು ಕುಡಸ್ತೀರಿ, ಹೇಳ್ರಿ.”

ಓಣಿ ಒಮ್ಮೆಗೇ ನಬಿಸಾಬನ ಕಡೆ ತಿರುಗಿತು. ಆ ಕಣ್ಣುಗಳನ್ನು ಅವನು ಮರೆಯಲಾರ. ಬಾಯಿಯವರನ್ನು ಹೊಡೆಯುವಾಗ ಕಣ್ಣಲ್ಲಿ ಬೆಂಕಿಯಿತ್ತು. ಈಗ ಇದ್ದದ್ದು ಅದಕ್ಕಿಂತ ತಣ್ಣಗಿನದು. ಎಂಬತ್ತು ಮಗ್ಗ. ಒಂದು ಮಾತಿನಲ್ಲಿ ಎಂಬತ್ತು ಮಗ್ಗದ ಕಾಲು ಕತ್ತರಿಸಿದ್ದ. ದಾದಾಪೀರ ನೆಲದಿಂದ ಹಿಡಿ ಕಲ್ಲೊಂದನ್ನು ಎತ್ತಿಕೊಂಡ.

“ಓಣಿ ಅಲ್ಲರಿ,” ನಬಿಸಾಬ ಬೇಗ ಹೇಳಿದ. “ಮಾತಿಗೆ ನಾವು ಅಂದೆ. ಕುಡಿಸಾಂವ ನಾ ಒಬ್ಬಾವ. ಹಿಂದಿನಿಂದ ಕುಡಸ್ಕೋತ ಬಂದೇನಿ. ಬೇಕಾದ್ರ ನನ್ನ ಸೀರಿ ತೊಳೀರಿ.”

“ಮುದುಕಿ ನಾವೂ ಕುಡಿಸಿದಾವರಽ ಅಂದಳಲ್ಲೋ?”

“ಆಕಿಗೆ ವಯಸ್ಸಾಗೇತಿ. ಅರಳು ಮರಳು.”

ಹನಮಂತವ್ವ ಬಾಯಿ ತೆರೆದಳು. ಅವಳ ಸೊಸೆ ಹಿಂದಿನಿಂದ ತೋಳು ಹಿಂಡಿದಳು. ಬಾಯಿ ಮುಚ್ಚಿತು.

ರಾಯರು ನಬಿಸಾಬನನ್ನೇ ನೋಡಿದರು. ಅವನು ಸುಳ್ಳು ಹೇಳುತ್ತಿದ್ದಾನೆಂದು ಅವರಿಗೆ ತಿಳಿದಿತ್ತು. ಎಂಬತ್ತು ಮಗ್ಗ ನಿಲ್ಲಿಸಿದರೆ ಅಂಗಡಿಯೂ ನಿಲ್ಲುತ್ತದೆಂಬುದೂ ತಿಳಿದಿತ್ತು. ಒಂದು ಕೈ ಸಾಕು, ಉಳಿದವರು ನೆನಪಿಟ್ಟುಕೊಳ್ಳುತ್ತಾರೆ.

“ಎರಡು ತೊಲಿಗೆ ಎರಡು ಬಟ್ಟು ಕೊಟ್ಟಾನ ಫಕ್ಕೀರಪ್ಪ. ಲೆಕ್ಕಾ ಎಲ್ಲಾರಿಗೂ ಒಂದಽ,” ಎಂದರು. “ಹಿಡೀರೋ ಇವನ್ನ. ಫಕ್ಕೀರಪ್ಪ, ಕಲ್ಲು ತಾ.”

ಹಮಾಲರು ನಬಿಸಾಬನ ಬಲಗೈ ಕಟ್ಟೆಗೆ ಒತ್ತಿದರು. ಬಾಯಿಯವರು ಒಬ್ಬನ ತೋಳಿಗೆ ಜೋತುಬಿದ್ದರು. ಅವನು ಕೊಡವಿದ ರಭಸಕ್ಕೆ ದೂರ ಹೋಗಿ ಬಿದ್ದರು. ಅರವತ್ತು ಜನರಲ್ಲಿ ಒಬ್ಬರೂ ಕದಲಲಿಲ್ಲ.

ಕಲ್ಲು ಬರಲಿಲ್ಲ. ಫಕ್ಕೀರಪ್ಪ ಅದನ್ನು ಹೊಟ್ಟೆಗೆ ಅವಚಿಕೊಂಡು ನೆಲದ ಮೇಲೆ ಮುದುರಿ ಕೂತಿದ್ದ.

“ತಾರೋ!”

“ಕೊಡೂದಿಲ್ಲರಿ.”

“ಬಾಯಾರಿಗೆ ಎತ್ತಿದೆಲ್ಲ ಈಗ?”

“ತಿಳೀದಽ ಎತ್ತಿದೆರಿ. ಈಗ ತಿಳದೈತಿ.”

ಒಬ್ಬ ಹಮಾಲ ಅವನ ಮುಖಕ್ಕೆ ಒದ್ದ. ಫಕ್ಕೀರಪ್ಪನ ತಲೆ ಹಿಂದಕ್ಕೆ ಹೋಗಿ ಬಂತು, ಕೈ ಸಡಿಲಲಿಲ್ಲ. ಮತ್ತೊಂದು ಒದೆತ. ಮೂಗಿನಿಂದ ರಕ್ತ ಇಳಿದು ಕಬ್ಬಿಣದ ಮೇಲೆ ಹರಿಯಿತು. ಹಮಾಲ ಬಗ್ಗಿ, ಮುರುಟಿದ ಆ ಎರಡು ಬೆರಳನ್ನೇ ಹುಡುಕಿ ಹಿಡಿದು ಹಿಂದಕ್ಕೆ ಮಡಚಿದ. ಫಕ್ಕೀರಪ್ಪ ನಾಲ್ಕು ವರ್ಷದ ಹಿಂದೆ ಚೀರದೇ ಉಳಿಸಿದ್ದ ಚೀರನ್ನು ಆಗ ಚೀರಿದ. ಕಲ್ಲು ಜಾರಿ ಹಮಾಲನ ಕೈಗೆ ಬಂತು.

ಜೈಬುನ್ನೀಸಾ “ಯಾ ಅಲ್ಲಾ” ಎಂದದ್ದು ನಬಿಸಾಬನಿಗೆ ಕೇಳಿಸಿತು. ಆಮೇಲೆ ಬೆರಳ ಗೆಣ್ಣುಗಳು ಒಡೆದದ್ದು ಕೇಳಿಸಿತು. ಒಣ ಜೋಳದ ದಂಟಿನ ಸದ್ದು. ನೋವು ಸ್ವಲ್ಪ ತಡವಾಗಿ ಬಂತು. ಬಂದಾಗ ಮೊಣಕೈಯವರೆಗೆ, ಭುಜದವರೆಗೆ, ಹಲ್ಲಿನವರೆಗೆ ಬಂತು. ಕಣ್ಣು ಕತ್ತಲಾಗುವ ಮುಂಚೆ ಅವನು ಕಂಡದ್ದು ನೆತ್ತಿಯ ಮೇಲೆ ತೂಗುತ್ತಿದ್ದ ಬಟ್ಟೆ. ಹಳದಿಯ ಮೇಲೆ ಕೆಂಪು ಹನಿ ಬಿದ್ದಿದ್ದವು. ಹಳದಿಯಲ್ಲಿ ಕೆಂಪು ನೇಯ್ದಿರಲಿಲ್ಲವಲ್ಲ ಅಂದುಕೊಂಡ.

ಗದಗಿನ ದೊಡ್ಡ ದವಾಖಾನೆಗೆ ಟಾಂಗಾದಲ್ಲಿ ಒಯ್ದರು. ಒಂದು ಕಡೆ ಹಣೆಗೆ ಸೆರಗು ಒತ್ತಿಕೊಂಡ ಯಮುನಾಬಾಯಿ, ಎದುರಿಗೆ ಕೈಯನ್ನು ಹೆಂಡತಿಯ ದುಪಟ್ಟದಲ್ಲಿ ಸುತ್ತಿಕೊಂಡ ನಬಿಸಾಬ, ನಡುವೆ ಫಕ್ಕೀರಪ್ಪ. ಊದಿದ ಮೂಗಿನಿಂದ ಅವನ ಮಾತೇ ಹೊರಡುತ್ತಿರಲಿಲ್ಲ. ಕುದುರೆಯ ಗೊರಸಿನ ಪ್ರತಿ ಹೊಡೆತಕ್ಕೂ ನಬಿಸಾಬನ ಕೈಯಲ್ಲಿ ಮೂಳೆ ಅಲುಗಾಡುತ್ತಿತ್ತು. ಡಾಕ್ಟರರು ಮೂರು ಬೆರಳಿಗೆ ಸಳಿ ಕಟ್ಟಿ ಪ್ಲಾಸ್ಟರು ಹಾಕಿದರು, ಬಾಯಿಯವರ ಹಣೆಗೆ ಏಳು ಹೊಲಿಗೆ ಹಾಕಿದರು. ಪೊಲೀಸರಿಗೆ ಹೇಳುತ್ತೀರಾ ಎಂದು ಕಂಪೌಂಡರ್ ಕೇಳಿದ. ಯಾರ ಹೆಸರು ಹೇಳುವುದು? ಲಾಳಿ ಎಸೆದವರದೋ, ಕಲ್ಲು ಬಿಟ್ಟವರದೋ, ನಿಂತು ನೋಡಿದವರದೋ? ಮೂವರೂ ತಿರುಗಿ ಟಾಂಗಾ ಹತ್ತಿದರು.

ಮರುದಿನ ಹೊತ್ತೇರಿದ ಮೇಲೆ ಬಾಯಿಯವರು ನಬಿಸಾಬನ ಮನೆಗೆ ಬಂದರು. ತಲೆಗೆ ಪಟ್ಟಿ, ಹೊಲಿದ ಚೀಲ. ಅವನು ಮಗ್ಗದ ಪಕ್ಕದ ಗೋಡೆಗೆ ಒರಗಿ ಕೂತಿದ್ದ. ಜೈಬುನ್ನೀಸಾ ಯಾರ ಜೊತೆಗೂ ಮಾತಿಲ್ಲದೆ ಹಿತ್ತಲಲ್ಲಿ ರಕ್ತವಾಗಿದ್ದ ಬಟ್ಟೆಗಳನ್ನು ಕಲ್ಲಿಗೆ ಬಡಿಯುತ್ತಿದ್ದಳು. ಧಡ್, ಧಡ್ ಎಂದು.

“ಕುಂಡ್ರಿ ಬಾಯಾರ.”

“ನಬಿಸಾಬ, ಆ ಖಾಲಿ ತುದೀಗೆ ಬಿಟ್ಟಿದ್ರ ಯಾರೂ ಕೇಳ್ತಿರಲಿಲ್ಲ. ನಿಮ್ಮ ಕೈ ಉಳೀತಿತ್ತು.”

“ಕೇಳಲಿ ಅಂತಽ ನಡುವ ಬಿಟ್ಟದ್ದರಿ.”

“ಇನ್ನ ನೇಯೂದು?”

“ಎಡಗೈಲೆ ಲಾಳಿ ಒಗದೇನಿ, ಬಲಗೈ ಬ್ಯಾರೆಯವರದಾಗಲಿ. ಫಕ್ಕೀರಣ್ಣಗ ಬಲಗಡೆ ಮೂರು ಬಟ್ಟು ಅದಾವು, ನನಗ ಎರಡು. ಇಬ್ಬರದೂ ಕೂಡಿ ಒಂದು ಕೈ ಆದೀತು.” ಅವನು ನಗಲು ಹೋದ, ಹರಿದ ತುಟಿ ಬಿಡಲಿಲ್ಲ. “ಬಾಯಾರ, ಬಲಗಡೆ ಪಟ್ಟಿದು ನಿನ್ನೆ ಹೇಳಾಕಽ ಆಗಲಿಲ್ಲ. ಹೋಗೂ ರೂಪಾಯಿದು.”

“ಹೇಳೋಣಂತ. ಮೊದಲು ಆ ಕೈ ಮಾಯಲಿ.”

“ಮಾಯೂ ತನಕ ಮಂದಿ ಮರೀತೈತಿ. ಬರೂ ಶನಿವಾರ ಹೇಳ್ರಿ.”

ಹಿತ್ತಲಲ್ಲಿ ಬಡಿಯುವ ಸದ್ದು ನಿಂತಿತ್ತು.

ಜೈಬುನ್ನೀಸಾ ಎಡಪಟ್ಟಿಯನ್ನು ಹಿಂಡಿ, ಕೊಡವಿ, ಹಿತ್ತಲ ಹಗ್ಗಕ್ಕೆ ಹಾಕಿದಳು. ನೂರು ಇಂಚಿನ ಗಂಜಿಯೆಲ್ಲ ನೀರಿನಲ್ಲಿ ಹೋಗಿತ್ತು. ಕಲ್ಲಿನ ಮೇಲೆ ಬಡಿದ ಬಡಿತಕ್ಕೆ ಮೇಲಿನ ಹಸಿರೂ ಕೆಳಗಿನ ಕೆಂಪೂ ಎಳೆಎಳೆಯಾಗಿ ಸರಿದು ಬಂದು, ಪಟ್ಟಿಯೆಲ್ಲ ಜಾಳಾಗಿ, ಐದು ಇಂಚಿನ ಖಾಲಿ ಜಾಗ ಹುಡುಕಿದರೂ ಸಿಗದ ಹಾಗಾಗಿತ್ತು.

ಹಿತ್ತಲ ಬಾಗಿಲಿನಿಂದ ಶಂಕ್ರೆವ್ವ ಧೂಳು ಒರೆಸಿದ ಕಾರ್ಡುಗಳ ಕಟ್ಟು ಹಿಡಿದು ಒಳಬಂದು ಬಟ್ಟೆಯ ಆಚೆ ನಿಂತಳು. ಈಚೆಯಿಂದ ಅವಳ ಮುಖ ಬಟ್ಟೆಯೊಳಗಿಂದ ಪೂರ್ತಿ ಕಾಣುತ್ತಿತ್ತು, ಹಣೆಯ ಮೇಲಿನ ಕುಂಕುಮದ ಸಮೇತ.